ಪಂಪಣ್ಣನ ನಾಲ್ಕನೆಯ ಅಳತೆ

ಪಂಪಣ್ಣ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದವನೇ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ಫೋನ್ ಲೈನಿಗೆ ಜೋಡಿಸಿದ ಮೋಡೆಮ್ಮಿನ ಕಿರುಗುಟ್ಟುವಿಕೆ ನಿಲ್ಲುವವರೆಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಇಂಟರ್ನೆಟ್ಟಿನ ವೇಗ ಅಳೆಯುತ್ತಿದ್ದ. ಕೂಡ್ಲಿಗಿಯಲ್ಲಿ ಆಗ ಬೇರೆ ಯಾರಿಗೂ ಈ ಚಟ ಇದ್ದಂತಿರಲಿಲ್ಲ. ಅವನ ಬ್ರೌಸಿಂಗ್ ಸೆಂಟರ್ ನನ್ನ ಫೋಟೋ ಸ್ಟುಡಿಯೋದ ಗೋಡೆಗೆ ಅಂಟಿಕೊಂಡೇ ಇತ್ತು. ಹೊಸಹಳ್ಳಿ ಕಡೆಯಿಂದ ಪರೀಕ್ಷೆಯ ಫಲಿತಾಂಶ ನೋಡಲು ಓಡೋಡಿ ಬಂದವರನ್ನೂ ಬಾಗಿಲಲ್ಲೇ ನಿಲ್ಲಿಸಿ, "ಸ್ವಲ್ಪ ತಡೀರ್ರಿ, ಲೈನ್ ನೋಡ್ಕಂತೀನಿ" ಎನ್ನುತ್ತಿದ್ದ.

ವೇಗ ಅಳೆಯಲು ಮೂರು ವೆಬ್‌ಸೈಟು ಇಟ್ಟುಕೊಂಡಿದ್ದ. ಯಾವಾಗಲೂ ಹೆಚ್ಚು ತೋರಿಸುವುದಕ್ಕೆ ಹೊಗಳುಭಟ್ಟ, ಕಡಿಮೆ ತೋರಿಸುವುದಕ್ಕೆ ಅಳುಬುರುಕ ಎಂದು ಹೆಸರಿಟ್ಟಿದ್ದ. ಮೂರನೆಯದು ಗಳಿಗೆಗೊಂದು ಮಾತು ಆಡುತ್ತಿತ್ತು. ಅದಕ್ಕೆ ಷಡ್ಡಕ ಎನ್ನುತ್ತಿದ್ದ. ಒಂದೇ ಲೈನಿಗೆ ಮೂರು ಲೆಕ್ಕ ಯಾಕೆಂದು ನಾನೊಮ್ಮೆ ಕೇಳಿದೆ.

"ಮಂಜಣ್ಣ, ಒಂದೊಂದು ಸೈಟೂ ಇಲ್ಲಿಂದ ತನ್ನ ಮನಿ ತನಕ ಇರೋ ದಾರಿ ಅಷ್ಟ ಅಳೀತೈತಿ. ಒಂದರ ಮನಿ ಹಡಗಲಿ, ಇನ್ನೊಂದರ ಮನಿ ಹರಪನಹಳ್ಳಿ ಅಂತ ತಿಳ್ಕರ್ರಿ. ನಾ ಹೋಗಬೇಕಾಗಿರೋದು ಕೊಟ್ಟೂರಿಗೆ. ಅವುರ ಲೆಕ್ಕ ತಗಂಡು ನಾ ಏನ್ ಮಾಡ್ಲಿ?"

ಅದಕ್ಕೇ ಅವನಿಗೆ ನಾಲ್ಕನೆಯ ಅಳತೆ ಬೇಕಾಗಿತ್ತು. ಅದು ತನ್ನ ಮೇಲ್‌ಗೆ ತಾನೇ ಕಳಿಸಿಕೊಂಡಿದ್ದ ಹೆಂಡತಿ ನೀಲಮ್ಮನ ಫೋಟೋ. ಅವಳು ತೀರಿಕೊಳ್ಳುವ ಮುಂಚಿನ ವರ್ಷ ನಾನೇ ತೆಗೆದ ಪಾಸ್‌ಪೋರ್ಟ್ ಚಿತ್ರ, ಭುಜದವರೆಗೆ ಮಾತ್ರ. ತೀರಾ ದೊಡ್ಡದಾಗಿ ಸ್ಕ್ಯಾನ್ ಮಾಡಿದ್ದರಿಂದ ಅದು ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಬೈತಲೆ, ಹಣೆ, ಕುಂಕುಮ, ಕಣ್ಣು. ಯಂತ್ರದಲ್ಲಿ ಉಳಿದಿದ್ದ ಹಳೆಯ ಪ್ರತಿಯನ್ನು ದಿನವೂ ಅಳಿಸಿಯೇ ತೆರೆಯುತ್ತಿದ್ದ, ಇಲ್ಲದಿದ್ದರೆ ಅದು ಅಳತೆಯೇ ಅಲ್ಲ ಎನ್ನುತ್ತಿದ್ದ. ಲೈನು ಕೆಟ್ಟ ದಿನ ಅವಳು ಹುಬ್ಬಿನ ಹತ್ತಿರ ನಿಂತುಬಿಡುತ್ತಿದ್ದಳು. "ಇವತ್ತು ಮೂಗಿನ ತನಕ ಬಂದಾಳ" ಎಂದರೆ ಮೇಲ್ ನೋಡಬಹುದು, ಚಾಟಿಂಗ್ ಆಗದು ಎಂದು ಗಿರಾಕಿಗಳೇ ತಿಳಿದುಕೊಳ್ಳುತ್ತಿದ್ದರು.

ನಾವು ನಗುತ್ತಿದ್ದೆವು, ಅವನು ನಗುತ್ತಿರಲಿಲ್ಲ. ಅವಳು ಇಳಿಯುವಷ್ಟು ಹೊತ್ತು ಅವನು ಪರದೆಯ ಜೊತೆ ಸಣ್ಣಗೆ ಮಾತಾಡುವುದು ಗೋಡೆಯ ಈಚೆಗೂ ಕೇಳುತ್ತಿತ್ತು. ನಡುನಡುವೆ ಸುಮ್ಮನಾಗುತ್ತಿದ್ದ, ಉತ್ತರ ಕೇಳಿಸಿಕೊಳ್ಳುವವರ ಹಾಗೆ. ಆಮೇಲೆ "ಹೂಂ" ಎನ್ನುತ್ತಿದ್ದ. ಆ ಹೂಂ ಕೇಳಿದರೆ ನನಗೆ ಹಗಲಲ್ಲೇ ಮೈ ಜುಮ್ಮೆನ್ನುತ್ತಿತ್ತು, ರೇಡಿಯೋ ಹಚ್ಚಿಬಿಡುತ್ತಿದ್ದೆ.

ಎದುರು ಸಾಲಿನಲ್ಲಿ ಬ್ರಾಡ್‌ಬ್ಯಾಂಡ್ ಸೆಂಟರ್ ಶುರುವಾಯಿತು. ಗಿರಾಕಿಗಳೆಲ್ಲ ಅತ್ತ ಹೊರಟರು. ನಾನೇ ಬೆನ್ನುಬಿದ್ದು ಪಂಪಣ್ಣನಿಗೂ ಬ್ರಾಡ್‌ಬ್ಯಾಂಡ್ ಹಾಕಿಸಿದೆ. ಮೊದಲ ದಿನ ಹೊಗಳುಭಟ್ಟ, ಅಳುಬುರುಕ, ಷಡ್ಡಕ ಮೂವರೂ ಹೆಚ್ಚುಕಡಿಮೆ ಒಂದೇ ಅಂಕಿ ಹೇಳಿದರು. ನಾನು ಅವನ ಬೆನ್ನು ತಟ್ಟಿದೆ. ಅವನು ಫೋಟೋ ಒತ್ತಿದ. ನೀಲಮ್ಮ ಒಂದೇ ಏಟಿಗೆ ಪೂರ್ತಿ ಬಂದು ಕೂತಳು. ಅವನು ಅಳಿಸಿ ಮತ್ತೆ ಒತ್ತಿದ, ಮತ್ತೆ ಅಳಿಸಿದ.

"ಇದು ಬರೀ ಫೋಟೋ ಐತ್ರಿ," ಎಂದ. "ಬರೋವಾಗ ಮಾತಾಡ್ತಿದ್ಲು. ಈಗ ಬರೋದ ಇಲ್ಲ, ಬಂದ ಬಿಟ್ಟಿರ್ತಾಳ."

"ಪಂಪಣ್ಣ, ಅಂಗಡಿ ಉಳೀಬೇಕಲ್ರಿ?"

"ಅಂಗಡಿ ಯಾತಕ್ಕ ಇಟ್ಟೀನಿ ಅಂತ ತಿಳ್ಕಂಡೀರಿ ನೀವು?"

ವಾರ ತುಂಬುವುದರೊಳಗೆ ಬ್ರಾಡ್‌ಬ್ಯಾಂಡ್ ತೆಗೆಸಿ ಹಳೆಯ ಟೆಲಿಫೋನ್ ಲೈನಿಗೇ ಮರಳಿದ. ಗಿರಾಕಿಗಳು ಮರಳಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಕರುಳು ಚುರ್ ಎಂದಿತು. ಅಷ್ಟರಲ್ಲಿ ಚರಂಡಿ ಅಗೆಯುವಾಗ ನಮ್ಮ ಸಾಲಿನ ಟೆಲಿಫೋನ್ ಕೇಬಲ್ ತುಂಡಾಗಿ ನನ್ನ ಫೋನೂ ಅವನ ಫೋನೂ ಒಟ್ಟಿಗೇ ಸತ್ತವು. ರಿಪೇರಿಗೆ ಯಾರೂ ಬರಲಿಲ್ಲ. ಇದ್ದೊಂದು ಆಸರೆಯೂ ಹೋಯಿತಲ್ಲ, ಮನುಷ್ಯ ಏನಾಗುತ್ತಾನೋ ಎಂದು ನಾನು ಹೆದರಿದೆ. ಮಧ್ಯಾಹ್ನ ಒಂದು ಲೋಟ ಚಹಾ ಹಿಡಿದು ಧೈರ್ಯ ಹೇಳಲು ಹೋದೆ.

ಮೋಡೆಮ್ಮಿನ ದೀಪ ಆರಿತ್ತು. ಫೋನಿನ ತಂತಿಯನ್ನು ಅವನೇ ಕಿತ್ತು, ಸುತ್ತಿ, ಗೋಡೆಯ ಮೊಳೆಗೆ ನೇತುಹಾಕಿದ್ದ. ಮೂರು ಸೈಟುಗಳ ಪುಟವೂ ಬೆಳ್ಳಗೆ ಖಾಲಿ. ಪರದೆಯಲ್ಲೇ ಪಕ್ಕಕ್ಕೆ ತೆರೆದಿದ್ದ ಕಿಟಕಿಯಲ್ಲಿ ಮಾತ್ರ ಗೆರೆಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ಮುಖ ದಾಟಿತ್ತು. ನಾನು ತೆಗೆದ ಚಿತ್ರ ಮುಗಿಯುವ ಭುಜವನ್ನೂ ದಾಟಿತ್ತು. ಅದರ ಕೆಳಗೆ ತೋಳು, ಮೊಣಕೈ, ಹಸಿರು ಗಾಜಿನ ಬಳೆ. ಅವು ಯಾವುವೂ ನನ್ನ ಚಿತ್ರದಲ್ಲಿ ಇರಲಿಲ್ಲ.

"ಗದ್ಲ ಮಾಡಬ್ಯಾಡ್ರಿ, ಮಂಜಣ್ಣ," ಎಂದ ಪಂಪಣ್ಣ, ನನ್ನತ್ತ ತಿರುಗದೆ. ಅವನ ದನಿಯಲ್ಲಿ ಅಷ್ಟು ಸಂತೋಷ ನಾನು ಎಂದೂ ಕೇಳಿರಲಿಲ್ಲ. "ಮುಂಗೈ ತನಕ ಬಂದಾಳ. ಬೆರಳು ಬರ್ಲಿ, ಹಿಡ್ಕಂತೀನಿ."

ಲೋಟವನ್ನು ಮೇಜಿನ ತುದಿಗಿಟ್ಟು ನಾನು ಹೊರಗೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಶಟರ್ ತೆರೆದೇ ಇತ್ತು. ಚಹಾ ಮುಟ್ಟದೆ ಕೆನೆಗಟ್ಟಿತ್ತು, ಪರದೆ ಕಪ್ಪಾಗಿತ್ತು, ಕುರ್ಚಿ ಅದಕ್ಕೆ ತೀರ ಹತ್ತಿರ ಎಳೆದಂತಿತ್ತು. ಪಂಪಣ್ಣ ಇರಲಿಲ್ಲ. ಬಸ್ ನಿಲ್ದಾಣ, ಕೆರೆ, ಹಗರಿಬೊಮ್ಮನಹಳ್ಳಿಯಲ್ಲಿದ್ದ ಅವನ ಅಕ್ಕನ ಮನೆ, ಎಲ್ಲ ಕಡೆ ಹುಡುಕಿದೆ. ಆ ಪರದೆಯನ್ನು ಹೊತ್ತಿಸಿ ನೋಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ.