ಕಾಫಿ ಬಣ್ಣದ ಡಾಂಬರು

ಆಂಜನಮ್ಮನಿಗೆ ಅನ್ನ ಕೊಟ್ಟದ್ದು ಡಾಂಬರು. ರಾಮಮೂರ್ತಿ ನಗರದ ಬಾಡಿಗೆ ಮನೆ, ಮಗಳು ದಿವ್ಯಳ ಓದು, ಮದುವೆ, ಎಲ್ಲ ಅದರಿಂದಲೇ ನಡೆದವು. ಗಂಡ ರಾಮಯ್ಯನ ಬಲಗೈಯನ್ನು ಮೊಣಕೈವರೆಗೆ ಸುಟ್ಟದ್ದೂ ಅದೇ ಡಾಂಬರು. ಪೀಪಾಯಿಯಲ್ಲಿ ಕುದಿದದ್ದು ಮೈಮೇಲೆ ಬಿದ್ದರೆ ಒರೆಸಲಾಗುವುದಿಲ್ಲ, ಚರ್ಮವನ್ನೂ ಕಿತ್ತುಕೊಂಡೇ ಬರುತ್ತದೆ. ಅಂದಿನಿಂದ ರಾಮಯ್ಯ ಮನೆ ಹಿಡಿದ, ಅವನ ಮೇಸ್ತ್ರಿತನ ಇವಳ ಹೆಗಲಿಗೆ ಬಂತು.

ಕೆಲಸ ಕಲಿಸಿದವನೂ ರಾಮಯ್ಯನೇ. ಹಳೇ ರಸ್ತೆಯನ್ನು ಗುಡಿಸಿ, ಅಂಟಿಗೆಂದು ತೆಳ್ಳಗೆ ಬಿಸಿ ಡಾಂಬರು ಚಿಮುಕಿಸಿ, ಅದರ ಮೇಲೆ ಡಾಂಬರು ಬೆರೆತ ಜಲ್ಲಿ ಹಾಸಬೇಕು. "ಚಿಮುಕಿಸಿದ್ ಮೇಲೆ ಕಾಯ್ಬೇಡ ಆಂಜನಾ. ಆರೋಕ್ ಮುಂಚೆ ಜಲ್ಲಿ ಬೀಳ್ಬೇಕು," ಎನ್ನುವುದು ಅವನ ಮಂತ್ರ. ಇಪ್ಪತ್ತು ವರ್ಷ ಅದನ್ನೇ ಜಪಿಸಿದ ಕೈ ಆಂಜನಮ್ಮನದು.

ಈಗ ಅಂಟಿಗೆ ಎಮಲ್ಷನ್ ಬಂದಿದೆ. ಡಾಂಬರನ್ನೇ ನುಣ್ಣಗೆ ಒಡೆದು ನೀರಿನಲ್ಲಿ ಬೆರೆಸಿದ್ದು. ಒಲೆ ಬೇಡ, ಹೊಗೆಯಿಲ್ಲ, ಮೈಮೇಲೆ ಬಿದ್ದರೂ ಸುಡುವುದಿಲ್ಲ. ಚಿಮುಕಿಸಿದಾಗ ಕಾಫಿ ಬಣ್ಣ, ನೀರು ಬಿಟ್ಟು ಹೋದಮೇಲೆ ಕಪ್ಪು. ಇಂಜಿನಿಯರ್ ನಂದಿತಾ ಮೊದಲ ದಿನವೇ ಗ್ಯಾಂಗಿನವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದಳು: "ಇದು ಹಳೇ ಟಾರಿಗೆ ಉಲ್ಟಾ ಕಣ್ರೀ. ಅದಕ್ಕೆ ಅವಸರ ಮಾಡ್ಬೇಕಿತ್ತು, ಇದಕ್ಕೆ ಕಾಯ್ಬೇಕು. ಕಪ್ಪಾಗೋಕ್ ಮುಂಚೆ ಹಾಸಿದ್ರೆ ಅಂಟಲ್ಲ, ಮೇಲಿನ್ ಪದರ ಜಾರತ್ತೆ."

ಗ್ಯಾಂಗಿನ ಹೆಂಗಸರ ಕೈ ಸುಡದೆ ಉಳಿಯಿತಲ್ಲ ಎಂದು ಆಂಜನಮ್ಮ ಮನಸಾರೆ ಒಪ್ಪಿದಳು. ಆದರೆ ಮನಸ್ಸು ಒಪ್ಪಿದ್ದನ್ನು ಕೈಯೂ ಒಪ್ಪಬೇಕಲ್ಲ!

ಆ ಭಾನುವಾರ ಬೈಯಪ್ಪನಹಳ್ಳಿ ಕಡೆಗೆ ಇಳಿಯುವ ಇಳಿಜಾರಿನಲ್ಲಿ ಕೆಲಸ. ಎಮಲ್ಷನ್ ಚಿಮುಕಿಸಿಯಾಗಿತ್ತು. "ಪೂರ್ತಿ ಕಪ್ಪಾಗ್ಲಿ, ಆಮೇಲ್ ಹಾಸಿ," ಎಂದು ಹೇಳಿ ನಂದಿತಾ ಕೆಳಗಿನ ಚರಂಡಿ ಕೆಲಸ ನೋಡಲು ಹೋದಳು. ಅಷ್ಟರಲ್ಲಿ ಮೋಡ ಕವಿಯಿತು. ಬಿಸಿಲು ಹೋಯಿತು, ರಸ್ತೆ ಕಾಫಿ ಬಣ್ಣದಲ್ಲೇ ಉಳಿಯಿತು. ಬಿಸಿ ಜಲ್ಲಿ ತುಂಬಿದ ಲಾರಿ ಮಾತ್ರ ಹೊಗೆಯಾಡುತ್ತ ನಿಂತಿತ್ತು.

"ಅಕ್ಕಾ, ಮಾಲ್ ಥಂಡಾ ಆಗ್ತಾ ಐತೆ," ಎಂದ ಡ್ರೈವರ್ ವಕಾರ್. "ಮಳೆ ಬಂದ್ರೆ ಇದೂ ಹೋಯ್ತು, ಅದೂ ಹೋಯ್ತು. ಏನ್ ಮಾಡ್ಲಿ ಹೇಳಿ."

ಆಂಜನಮ್ಮ ಆಕಾಶ ನೋಡಿದಳು, ರಸ್ತೆ ನೋಡಿದಳು. ನಂದಿತಾಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಮೇಸ್ತ್ರಿ ಎನಿಸಿಕೊಂಡವಳು ಗ್ಯಾಂಗಿನೆದುರು ಕೇಳಿಕೊಂಡು ನಿಲ್ಲುವುದೇ? "ಕಾಯ್ಬೇಡ," ಎಂದು ರಾಮಯ್ಯ ಕಿವಿಯಲ್ಲೇ ಕೂತು ಹೇಳಿದ ಹಾಗಾಯಿತು.

"ಹಾಸ್ರೋ!" ಎಂದುಬಿಟ್ಟಳು.

ಜಲ್ಲಿ ಬಿತ್ತು, ರೋಲರ್ ಹತ್ತಿತು. ನಾಲ್ಕು ಸಲ ಹೋಗಿ ಬಂದರೂ ಪದರ ಕೂರಲಿಲ್ಲ. ರೋಲರಿನ ಮುಂದೆ ಉಬ್ಬಿತು, ಹಿಂದೆ ಅರ್ಧಚಂದ್ರದಂಥ ಬಿರುಕು ಬಿಟ್ಟಿತು. ಆಂಜನಮ್ಮ ಅಂಚಿನಲ್ಲಿ ಬೂಟಿನ ಹಿಮ್ಮಡಿ ಊರಿ ತಿರುಗಿಸಿದಳು. ಹೆಂಚಿನ ಮೇಲೆ ಎಣ್ಣೆ ಹೆಚ್ಚಾದ ದೋಸೆಯ ಹಾಗೆ ಜಾರಿತು, ಅಡಿಯಲ್ಲಿ ಅದೇ ಕಾಫಿ ಬಣ್ಣ. ಇಂಥ ಇಳಿಜಾರಿನಲ್ಲಿ ಸ್ಕೂಟರು ಬ್ರೇಕ್ ಹಾಕಿದರೆ ರಸ್ತೆಯೇ ಚಕ್ರದ ಜೊತೆ ಹೋಗುತ್ತದೆ.

ತಲೆಯೆತ್ತಿದರೆ, ಮೇಲಿನ ಬ್ಯಾರಿಕೇಡನ್ನು ಯಾರೋ ಆಗಲೇ ಸರಿಸಿದ್ದರು. ನಮ್ಮ ಊರಿನವರಿಗೆ ಬ್ಯಾರಿಕೇಡ್ ಎಂದರೆ ದಾರಿಗಡ್ಡ ಇಟ್ಟ ಕುರ್ಚಿ, ಅಷ್ಟೇ. ಆ ಸಂದಿಯಲ್ಲಿ ಸ್ಕೂಟರು ನುಗ್ಗಿಸಿಕೊಂಡು ಬಂದವಳು ದಿವ್ಯ. ಭಾನುವಾರ ಅಮ್ಮನಿಗೆ ಊಟ ತರುವುದು ಅವಳ ವಾಡಿಕೆ. ಮುಂದೆ ಹ್ಯಾಂಡಲ್ ಹಿಡಿದು ನಿಂತಿದ್ದಳು ಮೊಮ್ಮಗಳು ಮೋನಿಷಾ.

ಆಂಜನಮ್ಮ ಕೈ ಬೀಸುತ್ತ ಮೇಲಕ್ಕೆ ಓಡಿದಳು. ಹತ್ತು ಹೆಜ್ಜೆಯೂ ಇಡಲಿಲ್ಲ, ಕಾಲಡಿಯ ಪದರ ಜಾರಿತು. ಎರಡೂ ಅಂಗೈ ಊರಿ ಬಿದ್ದಳು. ಹೊಸ ಜಲ್ಲಿ ಇನ್ನೂ ಕೆಂಡದ ಹಾಗಿತ್ತು.

ಅಮ್ಮ ಬಿದ್ದದ್ದು ನೋಡಿ ದಿವ್ಯ ನಿಲ್ಲಿಸಲಿಲ್ಲ, ಇನ್ನಷ್ಟು ಜೋರಾಗಿ ಬಂದಳು.

"ಬರ್ಬೇಡ ಕಣೇ! ಅಲ್ಲೇ ನಿಲ್ಸು! ನಿನ್ ಕಾಲಿಗ್ ಬೀಳ್ತೀನಿ, ನಿಲ್ಸೇ!"

ತಾಯಿಯಾದವಳು ಮಗಳ ಕಾಲಿಗೆ ಬೀಳುತ್ತೇನೆಂದರೆ ಯಾವ ಮಗಳ ಕೈ ಬ್ರೇಕಿಗೆ ಹೋಗುವುದಿಲ್ಲ? ಸ್ಕೂಟರು ಹಳೇ ರಸ್ತೆಯ ಕೊನೆಗೆ ಬಂದು ಕಿರ್ರೆಂದು ನಿಂತಿತು. ಮುಂದಿನ ಚಕ್ರಕ್ಕೂ ಹೊಸ ಪದರಕ್ಕೂ ನಡುವೆ ಒಂದು ಗೇಣು. ಊಟದ ಡಬ್ಬಿ ಉರುಳಿತು, ಮಗು ಅತ್ತಿತು.

ನಂದಿತಾ ಕೆಳಗಿನಿಂದ ಓಡಿ ಬಂದಾಗ ವಕಾರ್ ಆಂಜನಮ್ಮನ ಅಂಗೈಗಳ ಮೇಲೆ ಕ್ಯಾನಿನ ನೀರು ಸುರಿಯುತ್ತಿದ್ದ. ಅಂಟಿದ್ದನ್ನು ಕೀಳಲು ಆಂಜನಮ್ಮ ಬಿಡಲಿಲ್ಲ. ರಾಮಯ್ಯನ ಚರ್ಮ ಕಿತ್ತು ಬಂದದ್ದು ಹಾಗೆಯೇ.

"ಮೋಡ ನೋಡಿ ನಾನೇ ಹಾಸ್ಬಿಡೋಣ ಅಂದೆ, ಮೇಡಮ್," ಎಂದು ವಕಾರ್ ಶುರುಮಾಡಿದ.

"ಸುಮ್ನಿರೋ," ಎಂದಳು ಆಂಜನಮ್ಮ. ಗ್ಯಾಂಗೆಲ್ಲ ಕೇಳುವ ಹಾಗೆ ಹೇಳಿದಳು: "ಕಪ್ಪಾಗಿರ್ಲಿಲ್ಲ ಮೇಡಮ್. ಗೊತ್ತಿದ್ದೂ ಹಾಸಿಸ್ದೆ. ಎಲ್ಲಾ ಕೆರೆಸಿ."

ದಿವ್ಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದಳು. ಮನೆಗೆ ಬಾ ಎಂದು ಅಂಗಲಾಚಿದರೂ ಕೇಳದೆ ಆಂಜನಮ್ಮ ಇಳಿಜಾರಿಗೇ ಮರಳಿದಳು. ಅಷ್ಟರಲ್ಲಿ ಪದರ ಕೆರೆದು, ಮತ್ತೆ ಎಮಲ್ಷನ್ ಚಿಮುಕಿಸಿದ್ದರು. ಮಳೆ ಬರಲೇ ಇಲ್ಲ, ಮೋಡ ಸುಮ್ಮನೆ ಹೆದರಿಸಿ ಹೋಗಿತ್ತು. ಅವಳು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಳು. ಕೈ ಧಗಧಗ ಉರಿಯುತ್ತಿತ್ತು, ಕಣ್ಣು ಮಾತ್ರ ರಸ್ತೆ ಬಿಟ್ಟು ಅಲ್ಲಾಡಲಿಲ್ಲ.

ವಕಾರ್ ಎರಡನೇ ಲೋಡು ತಂದು ಹಾರ್ನ್ ಹೊಡೆದ. ಮತ್ತೂ ಹೊಡೆದ. ಗ್ಯಾಂಗಿನವರು ಸಲಿಕೆ ಹಿಡಿದು ಮೇಸ್ತ್ರಿಯ ಮುಖ ನೋಡಿದರು.

ಆಂಜನಮ್ಮ ಬಟ್ಟೆ ಸುತ್ತಿದ ಕೈಯನ್ನು ಮೇಲೆತ್ತಿದಳು.

"ಕಾಯ್ರಿ," ಎಂದಳು. "ಆ ಮೂಲೇಲಿ ಇನ್ನೂ ಕಾಫಿ ಬಣ್ಣ ಐತೆ."