ಹಾಲಿನವಳ ಕೂಗು

ನಂದಿದುರ್ಗದ ಚಿನ್ನದ ಗಣಿ ಕಾರ್ಮಿಕರ ಮನೆಸಾಲಾದ ನಮ್ಮ ಲೈನಿಗೆ ಬೆಳಿಗ್ಗೆ ಹಾಲು ತರುತ್ತಿದ್ದವಳು ಕೂಗುತ್ತಿರಲಿಲ್ಲ. ಅಳತೆಯ ಲೋಟದಿಂದ ಕ್ಯಾನಿನ ಮುಚ್ಚಳವನ್ನು ಮೂರು ಸಲ ಬಡಿಯುತ್ತಿದ್ದಳು. ಎರಡೇ ಸಲವೂ ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಬಾಯಿಯ ಮೇಲೆ ಸೆರಗಿರುತ್ತಿದ್ದುದು ಮಾತ್ರ ಖಂಡಿತ.

ಕಾಫಿಯೋ ಮಜ್ಜಿಗೆಯೋ ಎಂದು ಅಮ್ಮ ಕೇಳಿದರೆ, "ಎರಡೂ ಬೇಕು" ಎನ್ನುವವಳು.

ಮೂರ್ಛೆರೋಗಕ್ಕೆ ಗುಳಿಗೆ ನುಂಗುತ್ತಿದ್ದಳು. ಮೂರ್ಛೆ ನಿಂತಿತ್ತು. ಆದರೆ ಒಸಡು ಊದಿ ಹಲ್ಲುಗಳನ್ನೇ ಮುಚ್ಚುತ್ತ ಬಂದಿತ್ತು. ಆ ನಾಚಿಕೆಗೇ ಸೆರಗು.

"ಉಷ್ಣ ಕಣೇ. ಗುಳಿಗೆ ಬಿಟ್ಟಾಕು," ಎಂದಳು ಅಮ್ಮ.

"ಬಿಟ್ ನೋಡ್ದೆ ಅಕ್ಕಾ. ಮೂರೇ ದಿನಕ್ಕೆ ಬಂಗಾರಪೇಟೆ ಟೇಸನ್ನಾಗೆ ಬಿದ್ದೆ. ಆಲೆಲ್ಲಾ ರೈಲ್ ಕಂಬಿ ಕುಡೀತು. ನಂಗೆ ಗುಳಿಗೇನೂ ಬೇಕು, ಬಾಯೂ ಬೇಕು. ಎರಡೂ ಬೇಕು."

ಆಸ್ಪತ್ರೆಯ ಡಾಕ್ಟರು ಚೀಟಿ ಬರೆಯುವಾಗ ತಲೆ ಎತ್ತುತ್ತಿರಲಿಲ್ಲವಂತೆ. ಮುಂದಿನ ಸಲ ಗುಳಿಗೆಗೆ ಹೋದಾಗ ಅವಳು ಚೀಟಿ ತೆಗೆದುಕೊಳ್ಳದೆ, ಸೆರಗು ಸರಿಸಿ ಬಾಯಿ ತೆರೆದು ನಿಂತಳು.

"ಮೊದಲೇ ಯಾಕಮ್ಮ ತೋರಿಸಲಿಲ್ಲ?"

"ನೀವು ಪಿಟ್ಸು ಬತ್ತದಾ ಅಂತ ಮಾತ್ರ ಕೇಳ್ತಿದ್ರಿ ಸ್ವಾಮಿ."

ಒಸಡು ಊದಿದ್ದು ಆ ಗುಳಿಗೆಯಿಂದಲೇ ಎಂದು ಹೇಳಿ, ಅವರು ಅದನ್ನು ಒಮ್ಮೆಲೇ ನಿಲ್ಲಿಸದೆ ವಾರವಾರ ಇಳಿಸುತ್ತ ಬೇರೊಂದನ್ನು ಏರಿಸಿದರು.

ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ಮುಚ್ಚಳದ ಸದ್ದು ಬರಲಿಲ್ಲ. "ಆಲಮ್ಮೋ, ಆಲೂ" ಎಂಬ ಕೂಗು ಲೈನಿನ ಆ ತುದಿಯಿಂದ ಬಂತು. ಅಮ್ಮ ಪಾತ್ರೆ ಹಿಡಿದು ಓಡಿದಳು.

"ಮೆಲ್ಲಗೆ ಕೂಗೇ, ನೈಟ್ ಶಿಫ್ಟ್‌ನೋರು ಮಲಗವ್ರೆ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಲ್ಲೆಲ್ಲ ಕಾಣುವಂತೆ ನಕ್ಕು, ಇನ್ನೂ ಜೋರಾಗಿ ಕೂಗಿದಳು.