ಜಾಲರಿ ದೀಪ ಹಿಡಿದ ಅಕ್ಕ

ಹೋದ ವಾರ ವಿಜಯವಾಡದ ನಮ್ಮ ಬಾಡಿಗೆ ಮನೆಗೆ ಬಂದ ಎಲೆಕ್ಟ್ರಿಷಿಯನ್ ಹಣೆಗೊಂದು ಪಟ್ಟಿ ಬಿಗಿದು, ಅದರಲ್ಲಿದ್ದ ಪುಟ್ಟ ಲೈಟು ಹಾಕಿಕೊಂಡು ಒಬ್ಬನೇ ಏಣಿ ಹತ್ತಿದ. ತಲೆ ಎತ್ತ ತಿರುಗಿದರೆ ಅತ್ತ ಬೆಳಕು, ಎರಡೂ ಕೈ ಖಾಲಿ. ನಾನು ಟಾರ್ಚು ಹಿಡೀಲಾ ಅಂತ ಕೇಳಿದ್ದಕ್ಕೆ ನಕ್ಕ. ಒಳ್ಳೆಯ ವಸ್ತು, ಬೇಡ ಅನ್ನೋರು ಯಾರು? ಆದರೂ ಯಾಕೋ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ವಿಶಾಖಪಟ್ಟಣದಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದ ಅಕ್ಕ ನೆನಪಾಗಿದ್ದರು...

ಬ್ಯಾಂಕಿನವರು ನನ್ನನ್ನು ಹಾಸನದಿಂದ ಎತ್ತಿ ಅಲ್ಲಿಗೆ ಹಾಕಿದ್ದರು. ದ್ವಾರಕಾ ನಗರದಲ್ಲಿ ಕೆಲಸ, ಎಂವಿಪಿ ಕಾಲೋನಿಯಲ್ಲಿ ಮನೆ. ಹಳೇ ಅಪಾರ್ಟ್‌ಮೆಂಟು. ಸಮುದ್ರದ ಉಪ್ಪುಗಾಳಿಗೆ ಒಂದು ಸ್ವಿಚ್ಚೂ ಬಾಳುತ್ತಿರಲಿಲ್ಲ. ರಿಪೇರಿಗೆ ಬರುತ್ತಿದ್ದವರು ಗಂಡ ಹೆಂಡತಿ. ಗಂಡ ಕೆಲಸ ಮಾಡುವವರು. ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವರ ಕೈಯಲ್ಲಿ ಮರದ ಹಿಡಿಯ ದೀಪ, ಬಲ್ಬಿನ ಸುತ್ತ ಕಬ್ಬಿಣದ ಜಾಲರಿ. ನಮ್ಮ ಮೈನ್ ಆಫ್ ಮಾಡಿ, ದೀಪದ ಉದ್ದನೆಯ ವೈರನ್ನು ಎದುರುಮನೆಯ ಸಾಕೆಟ್ಟಿಗೆ ಸಿಕ್ಕಿಸುತ್ತಿದ್ದರು. ಬಲ್ಬು ಕಾದಂತೆ ಧೂಳು ಸುಟ್ಟ ವಾಸನೆ.

ಗಂಡ ಬೋರ್ಡಿಗೆ ಕೈ ಹಾಕಿದರೆ ಅಕ್ಕ ಮೆಲ್ಲಗೆ ಹೇಳುತ್ತಿದ್ದರು, "ಎರ್ರದಿ... ನಲ್ಲದಿ..." ಕೆಂಪು ವೈರು, ಕಪ್ಪು ವೈರು ಅಂತ. ಗಂಡ ಹೆಂಡಿರ ರೂಢಿ ಇರಬೇಕು ಅಂದುಕೊಂಡಿದ್ದೆ. ಸಕ್ಕರೆ ಕಾಯಿಲೆ ಆ ಮನುಷ್ಯನ ಕಣ್ಣು ತಿನ್ನುತ್ತಾ ಬಂದಿದೆ ಅಂತ ನನಗೇನು ಕನಸು ಬಿದ್ದಿತ್ತೇ?

ಒಂದು ದಿನ ಬಚ್ಚಲುಮನೆಯ ಗೀಜರ್ ಕೆಟ್ಟಿತು. ಹಗಲಲ್ಲೂ ಕತ್ತಲೆ ಇರುವ ಬಚ್ಚಲು. ಗಂಡ ಸ್ಟೂಲಿನ ಮೇಲೆ, ಅಕ್ಕ ಕೆಳಗೆ, ನಾನು ಬಾಗಿಲಲ್ಲಿ. ಅಕ್ಕ ಬಣ್ಣ ಸರಿಯಾಗಿಯೇ ಹೇಳಿದರು. ಗಂಡ ಮಾತ್ರ ಕರೆಂಟು ಹರಿಯುವ ಕೆಂಪು ವೈರನ್ನು ಅರ್ತಿಂಗ್ ವೈರಿನ ಜಾಗಕ್ಕೆ ತೂರಿಸಿ ಸ್ಕ್ರೂ ಬಿಗಿಯತೊಡಗಿದರು. ಹಾಗೇ ಬಿಟ್ಟು ಮೈನ್ ಹಾಕಿದ್ದರೆ ಗೀಜರ್ ಮುಟ್ಟಿದವರ ಗತಿ ದೇವರಿಗೇ ಪ್ರೀತಿ.

ಅಕ್ಕ ದೀಪ ಆರಿಸಿಬಿಟ್ಟರು.

"ಲೈಟು ಹಾಕೇ," ಅಂದರು ಗಂಡ.

"ಹಾಕಲ್ಲ. ಏಮಂಡೀ, ಕೆಳಗಿಳೀರಿ. ನಿಮಗೆ ಕಾಣಿಸ್ತಾ ಇಲ್ಲ."

ನನ್ನೆದುರಿಗೇ ಅಂದರು. ನಾನು ಬಾಯಿಬಿಟ್ಟರೆ ಆ ಬೀದಿಯಲ್ಲಿ ಮತ್ಯಾರೂ ಅವರನ್ನು ಕರೆಯುವುದಿಲ್ಲ ಅಂತ ಗೊತ್ತಿದ್ದೂ ಅಂದರು. ಇದ್ದ ಅನ್ನಕ್ಕೆ ತಮ್ಮ ಕೈಯಾರೆ ಕಲ್ಲು ಹಾಕಿಕೊಂಡ ಹಾಗಾಗಿತ್ತು. ಗಂಡ ಕತ್ತಲಲ್ಲೇ ಗೋಡೆ ಹಿಡಿದುಕೊಂಡು ಇಳಿದರು.

ಅಕ್ಕ ಸೆರಗು ಸಿಕ್ಕಿಸಿ ದೀಪವನ್ನು ಗಂಡನ ಕೈಗೆ ಕೊಟ್ಟರು. ನನ್ನ ಕಡೆ ತಿರುಗಿ, "ಅಮ್ಮಾ, ನಾನು ಮಾಡಲಾ?" ಅಂದರು. ನನಗೆ ಭಯವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ತಮ್ಮ ಹೊಟ್ಟೆಪಾಡಿಗಿಂತ ನನ್ನ ಜೀವ ದೊಡ್ಡದು ಅಂದುಕೊಂಡವರನ್ನು ನಂಬದೆ ಇನ್ಯಾರನ್ನು ನಂಬಲಿ? ಮಾಡಿ ಅಕ್ಕಾ ಅಂದೆ. ಗಂಡ ಹೇಳುತ್ತಾ ಹೋದರು, ಅಕ್ಕ ಮಾಡುತ್ತಾ ಹೋದರು.

ಅಪಾರ್ಟ್‌ಮೆಂಟಿನಲ್ಲಿ ಮಾತು ಬರದೇ ಇರಲಿಲ್ಲ. ಹೆಂಗಸು ಕರೆಂಟು ಮುಟ್ಟೋದಾ ಅಂತ ಮೂಗು ಮುರಿದರು. ನಾನೇನು ಸುಮ್ಮನಿರುವ ಪೈಕಿಯೇ? ನಮ್ಮ ಮನೆಗೆ ಬಂದು ಬಿಸಿನೀರು ಬರುತ್ತಾ ನೋಡಿಕೊಂಡು ಹೋಗಿ ಅಂದೆ. ಬರುಬರುತ್ತಾ ಎಲ್ಲರೂ ಅಕ್ಕನನ್ನೇ ಕರೆಯತೊಡಗಿದರು. ಗಂಡ ಬೆನ್ನಿಗೇ ಬಂದು ದೀಪ ಹಿಡಿಯುತ್ತಿದ್ದರು. ಸ್ಕ್ರೂಡ್ರೈವರಿನ ಸದ್ದು ಕೇಳಿಯೇ ಬೆಳಕನ್ನು ಅತ್ತ ತಿರುಗಿಸುತ್ತಿದ್ದರು. ಆಮೇಲೆ ನನಗೆ ಇಲ್ಲಿಗೆ ವರ್ಗವಾಯಿತು. ಒಂದೆರಡು ಹಬ್ಬಕ್ಕೆ ಫೋನು, ಆಮೇಲೆ ಅದೂ ನಿಂತಿತು...

ಎಲೆಕ್ಟ್ರಿಷಿಯನ್ ಹೋದ ಮೇಲೆ ಅಕ್ಕನ ನಂಬರಿಗೆ ಫೋನ್ ಮಾಡಿದೆ. ಗಂಡ ಎತ್ತಿದರು. ನಾನು ಯಾರು ಅಂತ ಹೇಳಿ, ಅಕ್ಕ ಇದ್ದಾರಾ ಅಂತ ಕೇಳಿದೆ.

"ಆವಿಡ ಲೇದಮ್ಮಾ," ಅಂದರು. ಇಲ್ಲಮ್ಮಾ ಅವಳು. ಸಂಕ್ರಾಂತಿ ಕಳೆದ ಮೇಲೆ ಎದೆನೋವು ಬಂತಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ.

ಅವರೇ ಮುಂದುವರಿಸಿದರು. "ಈ ಫೋನು ನಿಲ್ಲಿಸಿಬಿಡು ಅಂತಾಳೆ ಮಗಳು. ಹೇಗೆ ನಿಲ್ಲಿಸಲಮ್ಮಾ? ಜನ ಇನ್ನೂ ಫೋನ್ ಮಾಡಿ, ಕರೆಂಟು ಕೆಲಸದ ಅಮ್ಮ ಬರ್ತಾರಾ ಅಂತ ಕೇಳ್ತಾರೆ. ಇಲ್ಲ ಅನ್ನೋಕೆ ನಾಲಿಗೆ ಏಳಲ್ಲ. ಇವತ್ತು ಬೇರೆ ಕಡೆ ಕೆಲಸಕ್ಕೆ ಹೋಗಿದ್ದಾಳೆ, ಬಿಡುವಿಲ್ಲ ಅಂತೀನಿ."

ಆಮೇಲೆ ದನಿ ತಗ್ಗಿಸಿದರು.

"ಆವತ್ತು ಅವಳು ದೀಪ ಆರಿಸಿದಾಗ ನೀವು ಅಲ್ಲೇ ಇದ್ದಿರಲ್ಲಮ್ಮಾ... ನಿಮಗೊಬ್ಬರಿಗೇ ನಿಜ ಹೇಳಿದೆ."